ನೋಟ ಯಾರ ಇಚ್ಛೆ?

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಗಾದೆ. ತಿನ್ನುವುದನ್ನು ನಿನ್ನ ನಾಲಗೆ ಕೇಳಿದಂತೆ ತಿನ್ನು, ಉಡುವುದನ್ನು ಮಾತ್ರ ನೋಡುವವರ ಕಣ್ಣಿಗೆ ಒಪ್ಪುವಂತೆ ಉಡು ಎಂದು ಅದರ ಅರ್ಥ. ಈ ಗಾದೆಯನ್ನು ಕಟ್ಟಿದವರು ಲೋಕಾನುಭವವುಳ್ಳವರೇ ಸರಿ. ಬಟ್ಟೆ ಉಟ್ಟವರಿಗೆ ಕಾಣುವುದಕ್ಕಿಂತ ಎದುರಿಗೆ ನಿಂತವರಿಗೇ ಹೆಚ್ಚಾಗಿ ಕಾಣುತ್ತದೆ. ಆದರೆ ಈ ‘ಪರರು’ ಯಾರು, ಅವರ ಇಚ್ಛೆ ನಮ್ಮ ಮೈಮೇಲೆ ಎಲ್ಲಿಯವರೆಗೆ ನಡೆಯಬೇಕು ಎಂಬ ಪ್ರಶ್ನೆಯನ್ನು ಗಾದೆ ಎತ್ತುವುದಿಲ್ಲ. ಇಂದಿನ ನನ್ನ ಮಾತು ಆ ಪ್ರಶ್ನೆಯನ್ನು ಕುರಿತದ್ದು. ಹೆಣ್ಣನ್ನು ಪ್ರೀತಿಸುವ ಒಬ್ಬ ಹೆಣ್ಣುಮಗಳು ಗಂಡಸರ ಉಡುಪಿನ ಮೂಲಕ ತನ್ನದೇ ಆದ ಒಂದು ಶೈಲಿಯನ್ನು ಕಂಡುಕೊಳ್ಳುವುದೆಂದರೆ ಏನು ಎಂಬುದನ್ನು ಬಲ್ಲಷ್ಟು ಹೇಳಲು ಪ್ರಯತ್ನಿಸುತ್ತೇನೆ. ಬಲ್ಲಷ್ಟು ಎಂದೆ, ಏಕೆಂದರೆ ಅಂಥ ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳು.

ನನ್ನೂರು ಶಿರೂರು. ಉಡುಪಿ ಜಿಲ್ಲೆಯ ಉತ್ತರದ ತುದಿ ಅದು. ಊರು ದಾಟಿದರೆ ಭಟ್ಕಳ, ಉತ್ತರ ಕನ್ನಡದ ಸೀಮೆ. ಹಿಂದೆ ಕುಂದಾಪುರ ತಾಲ್ಲೂಕಿಗೆ ಸೇರಿದ್ದ ಊರು ಈಗ ಬೈಂದೂರು ತಾಲ್ಲೂಕಿನಲ್ಲಿದೆ. ಪಡುವಲಲ್ಲಿ ಕಡಲು, ಮೂಡಲಲ್ಲಿ ಘಟ್ಟ, ನಡುವೆ ಹೆದ್ದಾರಿ ಮತ್ತು ಕೊಂಕಣ ರೈಲಿನ ಹಳಿ. ಇಂಥ ಗಡಿಯೂರಿನಲ್ಲಿ ಬಟ್ಟೆಗೆ ಒಂದು ಭಾಷೆಯಿದೆ. ಮೀನಿನ ಬುಟ್ಟಿ ಹೊತ್ತವಳು ಸೀರೆಯನ್ನು ಎತ್ತಿ ಕಟ್ಟುವ ಬಗೆ ಬೇರೆ, ನವಾಯತ ಮನೆಯ ಹೆಂಗಸರು ಹೊದೆಯುವ ಬಗೆ ಬೇರೆ; ಗದ್ದೆಗೆ ಇಳಿಯುವವನ ಮುಂಡು ಬೇರೆ, ಕೊಲ್ಲಿ ರಾಷ್ಟ್ರದಿಂದ ರಜೆಗೆ ಬಂದವನ ಇಸ್ತ್ರಿಯ ಅಂಗಿ ಬೇರೆ. ಬಸ್ಸಿಗೆ ಕಾದು ನಿಂತವರ ಮುಖ ಕಾಣುವ ಮೊದಲೇ ಅವರ ಮನೆತನ, ಕಸುಬು, ಪ್ರಾಯ, ಮದುವೆಯಾಗಿದೆಯೇ ಇಲ್ಲವೇ ಎಂಬಷ್ಟನ್ನೂ ಬಟ್ಟೆ ದೂರದಿಂದಲೇ ಹೇಳಿಬಿಡುತ್ತದೆ. ಅಲ್ಲಿ ಒಬ್ಬ ಹುಡುಗಿ ಗಂಡಸರ ಅಂಗಿ ತೊಟ್ಟು, ಷರಾಯಿ ಹಾಕಿ, ಕೂದಲು ಕತ್ತರಿಸಿಕೊಂಡು ನಿಂತರೆ ಓದುವವರ ಕಣ್ಣು ತೊಡಕುತ್ತದೆ. ತೊಡಕಿದಾಗ ಬಾಯಿಗೆ ಬರುವ ಪದವೊಂದು ನಮ್ಮಲ್ಲಿ ಸಿದ್ಧವಾಗಿಯೇ ಇದೆ: ಗಂಡುಬೀರಿ.

ಈ ಪದವನ್ನು ನಾನು ಬಹಳ ದಿನ ಬೈಗುಳವೆಂದೇ ಕೇಳಿಸಿಕೊಂಡೆ. ಅನಂತರ ಒಂದು ಕುತೂಹಲ ಹುಟ್ಟಿತು. ಹೆಣ್ಣು ಗಂಡಸರ ಉಡುಪು ತೊಡುವುದನ್ನು ನಮ್ಮ ಸಮಾಜ ನಿಜವಾಗಿ ಒಪ್ಪುವುದೇ ಇಲ್ಲವೇ? ಸುತ್ತ ಕಣ್ಣು ಹಾಯಿಸಿ ನೋಡಿದರೆ ಹಾಗೆ ಕಾಣಲಿಲ್ಲ. ಒಪ್ಪುತ್ತದೆ, ಆದರೆ ಅದಕ್ಕೆ ಕಾರಣವೊಂದು ಬೇಕು.

ಮೊದಲನೆಯ ಕಾರಣ ದುಡಿಮೆ. ಮಳೆಗಾಲದಲ್ಲಿ ನಮ್ಮ ಕಡೆಯ ಗದ್ದೆಗಳಲ್ಲಿ ನಟ್ಟಿಗೆ ಇಳಿದ ಹೆಂಗಸರನ್ನು ನೆನೆಯಿರಿ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಗೇರುತೋಟದಲ್ಲಿ, ರಸ್ತೆಯ ಕೆಲಸದಲ್ಲಿ, ಕಲ್ಲು ಹೊರುವಲ್ಲಿ ಎಲ್ಲೆಲ್ಲೂ ಅದೇ. ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುವ ಗಂಡನೋ ಮಗನೋ ಮನೆಯಲ್ಲಿ ಬಿಟ್ಟುಹೋದ ಹಳೆಯ ಅಂಗಿ ಹೆಂಗಸಿನ ಮೈಯನ್ನು ಬಿಸಿಲಿನಿಂದ, ಎಲೆಯ ಅಲಗಿನಿಂದ, ಕೆಸರಿನಿಂದ ಕಾಯುತ್ತದೆ. ಅವಳನ್ನು ಯಾರೂ ಗಂಡುಬೀರಿ ಎನ್ನುವುದಿಲ್ಲ. ಆ ಅಂಗಿ ಅವಳ ಆಸೆಯದಲ್ಲ, ಕೂಲಿಯದು ಎಂದು ಎಲ್ಲರಿಗೂ ಗೊತ್ತು.

ಎರಡನೆಯ ಕಾರಣ ಯುದ್ಧ. 1858ರಲ್ಲಿ ಗ್ವಾಲಿಯರಿನ ರಣದಲ್ಲಿ ಮಡಿದ ಝಾನ್ಸಿಯ ರಾಣಿಯನ್ನು ಕುದುರೆ ಸವಾರನ ಉಡುಪಿನಲ್ಲೇ ನಮ್ಮ ಮನಸ್ಸು ಚಿತ್ರಿಸಿಕೊಳ್ಳುತ್ತದೆ. ಪುರಾಣದಲ್ಲಿಯೂ ಅಷ್ಟೆ. ಮಧುರೆಯ ಪಾಂಡ್ಯರಾಜ ಗಂಡುಮಗನಂತೆ ಬೆಳೆಸಿ, ಶಸ್ತ್ರವಿದ್ಯೆ ಕಲಿಸಿ, ರಾಜ್ಯವನ್ನೊಪ್ಪಿಸಿದ ಮೀನಾಕ್ಷಿಯ ಕಥೆಯನ್ನು ನಮ್ಮ ಯಕ್ಷಗಾನದ ಪ್ರೇಕ್ಷಕರು ಇಡೀ ರಾತ್ರಿ ಕುಳಿತು ಸವಿಯುತ್ತಾರೆ. ಆದರೆ ಕಥೆಯ ಹೆಸರು ನೋಡಿ, ‘ಮೀನಾಕ್ಷಿ ಕಲ್ಯಾಣ’. ದಿಗ್ವಿಜಯ ಎಷ್ಟೇ ದೂರ ಹೋಗಲಿ, ಕೊನೆಗೆ ಮದುವೆಯ ಚಪ್ಪರಕ್ಕೆ ಬಂದು ನಿಲ್ಲಬೇಕು.

ಮೂರನೆಯ ಕಾರಣ ರಂಗ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದರು. ಪಾತ್ರಧಾರಿಗಳೆಲ್ಲರೂ ಹೆಂಗಸರು. ಸ್ವತಃ ನಾಗರತ್ನಮ್ಮನವರು ಕಂಸನಾಗಿ, ರಾವಣನಾಗಿ, ದುರ್ಯೋಧನನಾಗಿ ಗರ್ಜಿಸಿದರೆ ಸಭೆ ಬೆರಗಾಗುತ್ತಿತ್ತು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ನಮ್ಮ ಬಡಗುತಿಟ್ಟಿನ ನಾಡಿನಲ್ಲಂತೂ ಗಂಡು ಹೆಣ್ಣಾಗುವುದು ತಲೆತಲಾಂತರದ ವಿದ್ಯೆ. ಚೌಕಿಯಲ್ಲಿ ಕುಳಿತು ಮುಖಕ್ಕೆ ಬಣ್ಣ ಬರೆದುಕೊಳ್ಳುವ ಸ್ತ್ರೀವೇಷಧಾರಿಯ ಮೀಸೆಯಿಲ್ಲದ ಮುಖವನ್ನು ಕಂಡು ನಗುವವರಿಲ್ಲ. ಈಚೆಗೆ ಹೆಣ್ಣುಮಕ್ಕಳೂ ಮುಂಡಾಸು ಕಟ್ಟಿ, ಎದೆಕಟ್ಟು ಭುಜಕೀರ್ತಿಗಳನ್ನು ಧರಿಸಿ, ಪುರುಷವೇಷದಲ್ಲಿ ರಂಗವನ್ನು ತುಂಬುತ್ತಿದ್ದಾರೆ. ಅವರಿಗೂ ಚಪ್ಪಾಳೆಯಿದೆ. ಆದರೆ ಬೆಳಗಾದೊಡನೆ ಬಣ್ಣ ಒರೆಸಿ, ವೇಷ ಕಳಚಿ ಪೆಟ್ಟಿಗೆಗೆ ತುಂಬಬೇಕು. ಕಳಚುವುದೆಂಬ ಭರವಸೆಯಿರುವುದರಿಂದಲೇ ವೇಷಕ್ಕೆ ಒಪ್ಪಿಗೆ.

ದುಡಿಮೆಗಾಗಿ, ಯುದ್ಧಕ್ಕಾಗಿ, ಆಟಕ್ಕಾಗಿ ಎಂದು ಈ ಮೂರು ಬಾಗಿಲುಗಳು ತೆರೆದಿವೆ. ನಾಲ್ಕನೆಯದೊಂದು ಬಾಗಿಲಿದೆ. ಯಾವ ಕಾರಣವೂ ಇಲ್ಲದೆ, ತನಗೆ ಒಪ್ಪುತ್ತದೆ ಎಂಬ ಒಂದೇ ಕಾರಣಕ್ಕಾಗಿ ತೊಡುವುದು. ಅದರ ಮುಂದೆ ಮಾತ್ರ ಕಾವಲು ಕುಳಿತಿದೆ.

ಈ ಕಾವಲು ನಮ್ಮ ದೇಶದಲ್ಲಿ ಮಾತ್ರ ಇರುವುದಲ್ಲ. ಉಡುಪಿನ ರಾಜಧಾನಿ ಎಂದು ಹೆಸರಾದ ಪ್ಯಾರಿಸ್ ನಗರದಲ್ಲಿ 1800ರಲ್ಲಿ ಪೋಲೀಸರ ಆಜ್ಞೆಯೊಂದು ಹೊರಟಿತು. ಗಂಡಸರಂತೆ ಉಡುಪು ತೊಡಬಯಸುವ ಹೆಂಗಸು ಪೋಲೀಸು ಕಛೇರಿಗೆ ಹೋಗಿ, ವೈದ್ಯರ ಸಹಿಯುಳ್ಳ ಪತ್ರ ತೋರಿಸಿ, ಪರವಾನಗಿ ಪಡೆಯಬೇಕು. ಕುದುರೆ ಸಂತೆಯ ಮಹಾಚಿತ್ರವನ್ನು ಬರೆದು ಜಗತ್ಪ್ರಸಿದ್ಧಳಾದ ರೋಸಾ ಬೊನ್ಹರ್ ಎಂಬ ಚಿತ್ರಕಾರ್ತಿ 1857ರಲ್ಲಿ ಇಂಥ ಪರವಾನಗಿ ಪಡೆದಿದ್ದಳು. ಕುದುರೆಗಳ ಸಂತೆಯಲ್ಲಿ, ಕಸಾಯಿಖಾನೆಯಲ್ಲಿ ನಿಂತು ಪ್ರಾಣಿಗಳನ್ನು ಅಭ್ಯಾಸ ಮಾಡಲು ಲಂಗ ಅಡ್ಡಿ ಎಂಬುದು ಅವಳು ಲೋಕಕ್ಕೆ ಕೊಟ್ಟ ಕಾರಣ. ಅಲ್ಲಿಯೂ ಕಾರಣ ದುಡಿಮೆಯೇ ಎಂಬುದನ್ನು ಗಮನಿಸಬೇಕು. ಆದರೆ ಅವಳು ನತಾಲಿ ಮಿಕಾ ಎಂಬ ಗೆಳತಿಯೊಡನೆ, 1889ರಲ್ಲಿ ಆಕೆ ತೀರಿಕೊಳ್ಳುವವರೆಗೆ, ನಾಲ್ಕು ದಶಕಗಳಿಗೂ ಮೀರಿ ಒಂದೇ ಮನೆಯಲ್ಲಿ ಬಾಳಿದಳು. ಆ ಬಾಳಿಗೆ ಪರವಾನಗಿಯ ಕಾಗದದಲ್ಲಿ ಜಾಗವಿರಲಿಲ್ಲ. ಆ ಹಳೆಯ ಆಜ್ಞೆ ಈಗ ಸಿಂಧುವಲ್ಲವೆಂದು ಫ್ರಾನ್ಸಿನ ಸರ್ಕಾರ ಸ್ಪಷ್ಟವಾಗಿ ಸಾರಿದ್ದು 2013ರಲ್ಲಿ.

ಇನ್ನು ನನ್ನ ಅನುಭವಕ್ಕೆ ಬರುತ್ತೇನೆ. ಚಿಕ್ಕಂದಿನಲ್ಲಿ ಲಂಗ ರವಿಕೆ, ಆಮೇಲೆ ಚೂಡಿದಾರ, ಮದುವೆ ಮುಂಜಿಗಳಿಗೆ ಸೀರೆ. ಎಲ್ಲವೂ ಒಳ್ಳೆಯ ಬಟ್ಟೆಗಳೇ; ಪ್ರೀತಿಯಿಂದ ಕೊಡಿಸಿದವುಗಳೇ. ಆದರೆ ರೇಷ್ಮೆಸೀರೆ ಉಡಿಸಿ, ಭಟ್ಕಳದ ಮಲ್ಲಿಗೆ ಮುಡಿಸಿ, ನೆಂಟರ ನಡುವೆ ಕೂರಿಸಿದಾಗ ನನಗೆ ಚೌಕಿಯಲ್ಲಿ ಕುಳಿತು ಕರೆಗಾಗಿ ಕಾಯುವ ವೇಷಧಾರಿಯ ಹಾಗೆ ಅನಿಸುತ್ತಿತ್ತು. ಯಾವಾಗ ರಂಗಕ್ಕೆ ಹೋಗುವುದು, ಯಾವಾಗ ಕಳಚುವುದು ಎಂಬ ತವಕ. ಜನ ನನ್ನ ಈಗಿನ ಉಡುಪನ್ನು ನೋಡಿ ‘ಇದೇನು ವೇಷ’ ಎಂದು ಕೇಳುತ್ತಾರೆ. ನನ್ನ ಪಾಲಿಗೆ ವೇಷವಾಗಿದ್ದುದು ಅದು, ಇದಲ್ಲ. ಈ ಮಾತಿನಿಂದ ಸೀರೆಗೆ ಕುಂದು ತಂದೆನೆಂದು ಯಾರೂ ಭಾವಿಸಬಾರದು. ನನ್ನ ಅಮ್ಮನಿಗೆ ಸೀರೆ ಎರಡನೆಯ ಚರ್ಮ. ಅವಳು ಉಟ್ಟಾಗ ಅದು ವೇಷವಲ್ಲ, ಅವಳೇ. ಒಬ್ಬರಿಗೆ ಮೈಯಾದದ್ದು ಇನ್ನೊಬ್ಬರಿಗೆ ವೇಷವಾಗಬಹುದು ಎಂಬುದಷ್ಟೇ ನನ್ನ ಮಾತು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ನಿವಾರಿಸುವುದು ಒಳ್ಳೆಯದು. ಗಂಡಸರ ಅಂಗಿ ತೊಡುವ ಹೆಣ್ಣುಗಳೆಲ್ಲ ಹೆಣ್ಣನ್ನು ಪ್ರೀತಿಸುವವರಲ್ಲ; ಹೆಣ್ಣನ್ನು ಪ್ರೀತಿಸುವವರೆಲ್ಲ ಅಂಗಿ ತೊಡುವವರಲ್ಲ, ಅವರಲ್ಲಿ ಸೀರೆಯ ನೆರಿಗೆಯನ್ನು ಅಂದವಾಗಿ ಹಿಡಿಯುವವರು ಬೇಕಾದಷ್ಟು ಮಂದಿ. ಹೆಣ್ಣೆಂದು ಕರೆಸಿಕೊಂಡು ಬೆಳೆದರೂ ತಾವು ಗಂಡೇ ಎಂದು ಅರಿತುಕೊಂಡವರೂ ಇದ್ದಾರೆ. ಅವರ ಹಾದಿಯ ಕಷ್ಟ ಬೇರೆ, ಘನತೆ ಬೇರೆ. ಇವರೆಲ್ಲರನ್ನೂ ಒಳಗೊಳ್ಳುವಂತೆ ‘ಕ್ವಿಯರ್’ ಎಂಬ ಪದ ಈಗ ಕನ್ನಡದಲ್ಲಿಯೂ ಬಳಕೆಗೆ ಬಂದಿದೆ. ನಾನು ಗಂಡಾಗಬಯಸಿದವಳಲ್ಲ. ನಾನು ಹೆಣ್ಣು, ನನ್ನ ಒಲವು ಹೆಣ್ಣಿನ ಕಡೆಗೆ. ಈ ಎರಡೂ ಸಂಗತಿಗಳು ನೆಮ್ಮದಿಯಾಗಿ ಒಟ್ಟಿಗಿರಬಲ್ಲ ಒಂದು ಉಡುಪು ನನಗೆ ಬೇಕಾಗಿತ್ತು. ಗಂಡಿನ ಕಣ್ಣಿಗೆ ಒಪ್ಪಬೇಕೆಂಬ ಲೆಕ್ಕದಲ್ಲಿ ಕತ್ತರಿಸಿದ ಬಟ್ಟೆಗಳಲ್ಲಿ ಅದು ಸಿಕ್ಕಲಿಲ್ಲ.

ಗಂಡಸರ ಉಡುಪಿನಲ್ಲಿ ಅಂಥದೇನಿದೆ ಎಂದು ನೀವು ಕೇಳಬಹುದು. ಮೊದಲನೆಯದಾಗಿ ಜೇಬು ಇದೆ. ಇದು ತಮಾಷೆಯ ಮಾತಲ್ಲ. ಹಣ, ಬೀಗದ ಕೈ, ಫೋನು ಎಲ್ಲವನ್ನೂ ಮೈಮೇಲೆಯೇ ಇಟ್ಟುಕೊಂಡು ಎರಡು ಕೈಗಳನ್ನೂ ಬೀಸಿ ನಡೆಯುವ ಸುಖ ಏನೆಂಬುದು ಸೆರಗಿನ ಗಂಟಿನಲ್ಲಿ, ರವಿಕೆಯ ಮರೆಯಲ್ಲಿ, ಕೈಚೀಲದಲ್ಲಿ ಬಾಳನ್ನು ಹೊತ್ತವರಿಗೆ ಗೊತ್ತು. ಎರಡನೆಯದಾಗಿ ಅಳತೆ ಇದೆ. ಹೆಂಗಸರ ಸಿದ್ಧ ಉಡುಪಿಗೆ ಚಿಕ್ಕದು, ನಡುವಿನದು, ದೊಡ್ಡದು ಎಂಬ ಅಂದಾಜಿನ ಗುರುತು. ಗಂಡಸರ ಷರಟಿನ ಕಾಲರಿನ ಒಳಗೆ ಸಾಮಾನ್ಯವಾಗಿ 38, 40, 42 ಎಂಬ ಅಂಕಿ ಇರುತ್ತದೆ. ಮೂರನೆಯದಾಗಿ ರೇಖೆ ಇದೆ. ಭುಜದಿಂದ ನೇರವಾಗಿ ಇಳಿಯುವ, ಮೈಯ ತಗ್ಗುದಿಣ್ಣೆಗಳನ್ನು ಎತ್ತಿ ತೋರಿಸದ ಸರಳವಾದ ರೇಖೆ. ನನ್ನ ಕಣ್ಣು ಮೊದಲು ಸೋತದ್ದು ಈ ರೇಖೆಗೆ.

ಆದರೆ ಒಪ್ಪಿದ್ದೆಲ್ಲ ಒಗ್ಗುವುದಿಲ್ಲ. ಅಂಗಡಿಯಿಂದ ತಂದ ಷರಟು ಗಂಡಸಿನ ಮೈಗೆಂದು ಕತ್ತರಿಸಿದ್ದು. ಎದೆಗೆ, ಸೊಂಟಕ್ಕೆ ಸರಿಹೋಗುವುದನ್ನು ಆರಿಸಿದರೆ ಭುಜದ ಹೊಲಿಗೆ ತೋಳಿಗೆ ಜಾರುತ್ತದೆ. ಭುಜಕ್ಕೆ ಸರಿಹೋಗುವುದನ್ನು ಆರಿಸಿದರೆ ಎದೆಯ ಗುಂಡಿ ಬಿಗಿದು ಬಾಯಿ ಬಿಡುತ್ತದೆ. ಷರಾಯಿ ಸೊಂಟಕ್ಕೆ ಸಡಿಲ, ಕೆಳಗೆ ಬಿಗಿ. ಭುಜವನ್ನು ಕಿರಿದು ಮಾಡಬೇಕಾದರೆ ತೋಳನ್ನು ಬಿಚ್ಚಿ ಮತ್ತೆ ಕೂಡಿಸಬೇಕು. ಆ ಶ್ರಮಕ್ಕಿಂತ ಹೊಸದನ್ನೇ ಹೊಲಿಸುವುದು ಲೇಸು. ಹಾಗಾಗಿ ಕೊನೆಗೆ ನಾನು ಹೋದದ್ದು ಊರಿನ ದರ್ಜಿಯ ಬಳಿಗೆ. ನಮ್ಮ ಮನೆಯವರ ಬಟ್ಟೆಗಳನ್ನೆಲ್ಲ ಹೊಲಿದ ಹಿರಿಯರು. ಬಟ್ಟೆಯನ್ನು ಮುಂದಿಟ್ಟು, ಒಂದು ಷರಟು ಆಗಬೇಕು ಎಂದೆ.

“ಯಾರಿಗೆ? ಅಣ್ಣಂಗಾ?” ಎಂದರು.

“ಅಲ್ಲ ಮಾವ, ನಂಗೇ” ಎಂದೆ.

ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ಏನು ಕೇಳುವರೋ ಎಂದು ನನ್ನೆದೆ ಹೊಡೆದುಕೊಳ್ಳುತ್ತಿತ್ತು. ಅವರು ಅಳತೆಯ ಟೇಪನ್ನು ಕೊರಳಿನಿಂದ ತೆಗೆಯುತ್ತ ಕೇಳಿದ್ದು ಇಷ್ಟೆ: “ಹಂಗಾರೆ ಗುಂಡಿ ಬಲಬದಿಗಾ, ಎಡಬದಿಗಾ?”

ಗಂಡಸರ ಅಂಗಿಯಲ್ಲಿ ಗುಂಡಿ ಬಲಕ್ಕೆ, ಕಾಜ ಎಡಕ್ಕೆ. ಹೆಂಗಸರದ್ದರಲ್ಲಿ ಅದು ತಿರುಗುಮುರುಗು. ಹೀಗೇಕೆಂಬುದಕ್ಕೆ ಹಲವರು ಹಲವು ಕಾರಣ ಹೇಳುತ್ತಾರೆ. ಅವರಿಗೆ ಮಾತ್ರ ಅದು ಕಸುಬಿನ ಪ್ರಶ್ನೆ, ತಿಳಿಯದೆ ಕತ್ತರಿಸಲಾಗದು. ಬಲಬದಿಗೆ ಎಂದೆ. ಬರೆದುಕೊಂಡರು. ಭುಜವನ್ನು ನನ್ನ ಭುಜಕ್ಕೆ ಸರಿಯಾಗಿ ಹಿಡಿದರು. ಎದೆಯ ಕೆಳಗೆ ಬಟ್ಟೆಯನ್ನು ಚಿವುಟಿ ಹೊಲಿಯುವುದು ಬೇಡವೆಂದಾಗ, ಬೆನ್ನಿನ ಕಡೆ ಎರಡು ಸಣ್ಣ ಮಡಿಕೆ ಕೊಟ್ಟರೆ ಸಡಿಲವೂ ಇರುತ್ತದೆ, ಜೋಲುವುದೂ ಇಲ್ಲ ಎಂದು ತಾವೇ ಸೂಚಿಸಿದರು. ತೋಳು ಮಣಿಕಟ್ಟಿನ ಎಲುಬಿಗೆ ಬಂದು ನಿಲ್ಲಬೇಕೆಂದೂ ಅವರೇ ನಿಶ್ಚಯಿಸಿದರು. ವಾರದ ಮೇಲೆ ಆ ಷರಟನ್ನು ತೊಟ್ಟು ಕನ್ನಡಿಯ ಮುಂದೆ ನಿಂತೆ. ಗಂಡಸರ ಷರಟು ಎಂದು ಅದನ್ನು ಕರೆಯಲು ಆಗಲಿಲ್ಲ. ಯಾವ ಗಂಡಸಿಗೂ ಅದು ಹಿಡಿಸುವಂತಿರಲಿಲ್ಲ, ನನ್ನೊಬ್ಬಳದೇ ಆಗಿತ್ತು.

ಸಾಹಿತ್ಯಾಭ್ಯಾಸಿಗಳಾದ ನಿಮಗೆ ಈ ಸಂಗತಿ ಹೊಸದೆನಿಸಲಾರದು. ಬರೆಯಲು ತೊಡಗಿದವನು ಮೊದಲು ಹಿರಿಯರೊಬ್ಬರ ವಾಕ್ಯವನ್ನು ಎರವಲು ತೊಡುತ್ತಾನೆ. ಅದು ಅಲ್ಲಿ ಜೋಲುತ್ತದೆ, ಇಲ್ಲಿ ಬಿಗಿಯುತ್ತದೆ. ತನ್ನ ಉಸಿರಿನ ಅಳತೆಗೆ ಅದನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿದಾಗ ಅದಕ್ಕೆ ಅವನ ಶೈಲಿ ಎಂಬ ಹೆಸರು ಬರುತ್ತದೆ. ಉಡುಪಿನಲ್ಲಿಯೂ ಶೈಲಿ ಹುಟ್ಟುವುದು ಹಾಗೆಯೇ. ಗಂಡಸರ ಉಡುಪೆಲ್ಲವೂ ನನಗೆ ಬೇಕಾಗಲಿಲ್ಲ. ಕೊರಳ ಟೈ ಬೇಡವಾಯಿತು. ದಪ್ಪ ಕೋಟು ನಮ್ಮ ಕಡಲಿನ ಬೆವರಿಗೆ ಆಗದು. ಹತ್ತಿಯ ಷರಟು, ತೋಳು ಎರಡು ಸಲ ಮಡಿಸಿದ್ದು. ನೇರವಾಗಿ ಇಳಿಯುವ ಷರಾಯಿ. ಮನೆಯಲ್ಲಿ ಮುಂಡು ಮತ್ತು ಹೆಗಲಿಗೆ ಬೈರಾಸು. ಇಷ್ಟು ಉಳಿಯಿತು. ಅಜ್ಜಿ ಕೊಟ್ಟ ಕಿವಿಯ ಓಲೆಯನ್ನು ನಾನು ತೆಗೆಯಲಿಲ್ಲ. ಷರಟಿನ ಕಾಲರಿನ ಮೇಲೆ ಆ ಓಲೆ ತೂಗುವುದು ನನಗೆ ಒಪ್ಪುತ್ತದೆ.

ಗಂಡಸರ ಉಡುಪು ಎಂದು ನಾವು ಹೇಳುವುದಾದರೂ ಗಂಡಸರಿಗೆ ಎಂದಿನಿಂದ ಬಂದ ಆಸ್ತಿ? ನಮ್ಮ ಕರಾವಳಿಯಲ್ಲಿ ಅಜ್ಜಂದಿರ ಕಾಲದಲ್ಲಿ ಗಂಡಸಿನ ಉಡುಪೆಂದರೆ ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ವಸ್ತ್ರ. ಷರಟು ಕಡಲಾಚೆಯಿಂದ ಬಂದದ್ದು. ಕರಾವಳಿಯ ಅನೇಕ ದೇವಾಲಯಗಳ ಬಾಗಿಲಲ್ಲಿ ಇಂದಿಗೂ ಗಂಡಸರು ಅದನ್ನು ಕಳಚಿಯೇ ಒಳಗೆ ಹೋಗಬೇಕು. ಚೂಡಿದಾರ ಉತ್ತರದಿಂದ ಬಂದದ್ದು; ಬಂದ ಹೊಸತರಲ್ಲಿ ಹುಬ್ಬೇರಿಸಿದ ಮನೆಗಳೇ ಇಂದು ಅದನ್ನು ಮರ್ಯಾದೆಯ ಉಡುಪು ಎನ್ನುತ್ತವೆ. ನೈಟಿಯ ಮಾತು ಹೇಳುವುದೇ ಬೇಡ. ಹೆಸರಿನಲ್ಲೇ ರಾತ್ರಿಯನ್ನು ಹೊತ್ತು ಬಂದ ಆ ಅಂಗಿ, ಮೇಲೊಂದು ಬೈರಾಸು ಹೊದೆದುಕೊಂಡು, ಹಗಲು ಹೊತ್ತಿನಲ್ಲೇ ಅಂಗಡಿಗೆ ಹೋಗಿಬರುತ್ತದೆ. ಒಂದು ತಲೆಮಾರಿನಲ್ಲಿ ಪರರ ಇಚ್ಛೆ ಇಷ್ಟು ಬದಲಾಗಬಹುದಾದರೆ ಅದು ಕಲ್ಲಿನಲ್ಲಿ ಕೊರೆದದ್ದಲ್ಲ.

ಕಾನೂನು ಕೂಡ ಬದಲಾಗಿದೆ. ಲಿಂಗಭಾವವನ್ನು ಉಡುಪು, ನುಡಿ, ನಡೆಗಳ ಮೂಲಕ ವ್ಯಕ್ತಪಡಿಸುವುದು ಸಂವಿಧಾನದ 19ನೆಯ ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಸೇರಿದೆ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲಿನಲ್ಲಿ ಹೇಳಿತು. 1860ರ ದಂಡಸಂಹಿತೆಯ 377ನೆಯ ಕಲಮಿನ ಹೊರೆಯನ್ನು ವಯಸ್ಕರ ಸಮ್ಮತಿಯ ಸಲಿಂಗಪ್ರೇಮದ ಮೇಲಿನಿಂದ 2018ರ ಸೆಪ್ಟೆಂಬರ್ 6ರಂದು ಇಳಿಸಿತು. ಆದರೆ ಇಂಥವರ ಮದುವೆಗೆ ಮನ್ನಣೆ ಕೊಡಲು 2023ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ. ಸಾಹಿತ್ಯದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದು, ಗಂಡು ಗಂಡನ್ನು ಪ್ರೀತಿಸುವ ನೋವುನಲಿವುಗಳಿಗೆ ಕನ್ನಡದ ಮನೆಯಲ್ಲಿ ಒಂದು ಮಣೆ ಹಾಕಿತು. ಹೆಣ್ಣುಮಕ್ಕಳ ಮಾತು ಇನ್ನೂ ಬರಬೇಕಾಗಿದೆ. ಅದಕ್ಕೆ ಅಂಗಳದಲ್ಲಾದರೂ ಒಂದಿಷ್ಟು ಜಾಗ ಇರಲಿ ಎಂದು ಈ ಭಾಷಣಕ್ಕೆ ಒಪ್ಪಿದೆ.

ನ್ಯಾಯಾಲಯದ ತೀರ್ಪು ಅಡಿಗೆಮನೆಯವರೆಗೆ ಬರಲು ಬಹಳ ಹೊತ್ತು ಬೇಕು. ನಾನು ಹೊಸ ಷರಟು ತೊಟ್ಟು ಹೊರಟ ದಿನ ಅಮ್ಮ, “ಜನ ಎಂತ ಹೇಳ್ತ್ರ್ ಮಗಳೆ?” ಎಂದು ಕೇಳಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ, ಜನ ಹೇಳುವುದೇನೆಂದು ಇಬ್ಬರಿಗೂ ಗೊತ್ತಿತ್ತು. ಮುಂದೆ ಒಂದು ದಿನ ನನ್ನ ಒಲವಿನ ವಿಷಯವನ್ನೂ ಹೇಳಿದೆ. ಅಮ್ಮ ಅಂದು ಏನೂ ಹೇಳಲಿಲ್ಲ. ಹಲವು ದಿನ ಹೇಳಲಿಲ್ಲ. ಗಂಡಿನ ಕಡೆಯವರ ಪ್ರಸ್ತಾಪಗಳು ಬರುವುದು ಇಂದಿಗೂ ನಿಂತಿಲ್ಲ. ಅವರಿಗೆ ಏನು ಹೇಳಿ ಕಳುಹಿಸಬೇಕೆಂಬ ಕಷ್ಟ ಅವಳದಾಗಿಯೇ ಉಳಿದಿದೆ. ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಕಳೆದ ಸಲ ಊರಿಗೆ ಹೋದಾಗ, ನಾನು ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ನೋಡಿ ಹೇಳಿದಳು: “ಈ ಬಣ್ಣ ನಿಂಗ್ ಆತಿಲ್ಲೆ. ಆ ನೀಲಿದೇ ಲಾಯ್ಕ್ ಇತ್ತ್.”

ಆ ಮಾತಿನಲ್ಲಿ ಜನ ಇರಲಿಲ್ಲ. ನಾನಿದ್ದೆ, ನನ್ನ ಮೈಬಣ್ಣವಿತ್ತು, ನನ್ನ ಷರಟಿತ್ತು, ನೋಡುವ ಅವಳ ಕಣ್ಣಿತ್ತು. ನೋಟ ಪರರಿಚ್ಛೆ ಎಂಬ ಗಾದೆಯನ್ನು ನಾನು ತಳ್ಳಿಹಾಕುವವಳಲ್ಲ. ನಮ್ಮನ್ನು ಬಲ್ಲವರ, ಒಲಿದವರ ಕಣ್ಣಿಗೆ ಒಪ್ಪಬೇಕೆಂಬ ಆಸೆ ನನಗೂ ಇದೆ. ಆ ಕಣ್ಣು ಮೊದಲು ನಮ್ಮನ್ನು ನೋಡಲಿ, ಆಮೇಲೆ ಬಣ್ಣ ಸರಿಯಿಲ್ಲ ಎನ್ನಲಿ, ಸಂತೋಷದಿಂದ ಬದಲಾಯಿಸುತ್ತೇನೆ. ಅಂದು ಬದಲಾಯಿಸಿದೆ ಕೂಡ. ನೀಲಿ ಷರಟು ತೊಟ್ಟು ಬಸ್ಸು ಹತ್ತಿದೆ.

ಈ ಮಾತುಗಳನ್ನು ಕೇಳುತ್ತಿರುವವರಲ್ಲಿ ತಾಯಿತಂದೆಯರಿರಬಹುದು, ದರ್ಜಿಗಳಿರಬಹುದು, ಬಟ್ಟೆಯಂಗಡಿಯವರಿರಬಹುದು. ನಾಳೆ ನಿಮ್ಮ ಮುಂದೆ ಒಬ್ಬ ಹುಡುಗಿ ಬಂದು ಗಂಡಸರ ಅಂಗಿಯ ರಾಶಿಯ ಕಡೆಗೆ ಕೈಚಾಚಿದರೆ, ಯಾರಿಗೆ ಎಂದು ಒಮ್ಮೆ ಕೇಳಿ. ತನಗೇ ಎಂದು ಅವಳು ಹೇಳಿದರೆ, ಅಳತೆ ತೆಗೆದುಕೊಳ್ಳಿ.